ದೀಪದ ಮೇಲಿನ ದುಡ್ಡು

ಆ ಚೆಕ್ಕು ಫೆಲಿಂಗಳ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಆರಡಿ ಉದ್ದದ ರಟ್ಟಿನ ಚೆಕ್ಕು. ಅವಳ ಗಂಡ ಆಂಬೊ ಅದನ್ನು ತಾನು ಬಾಡಿಗೆಗೆ ಜನ ಸಾಗಿಸುವ ಜೀಪ್ನಿಯ ನೆತ್ತಿಗೆ ಹಗ್ಗದಲ್ಲಿ ಬಿಗಿದು, ಆಂಗೆಲೆಸ್ ಪೇಟೆಯುದ್ದಕ್ಕೂ ಹಾರ್ನು ಬಾರಿಸುತ್ತ ತಂದಿದ್ದ. ಅಡ್ಡ ತಿರುಗಿಸಿದರು, ಓರೆ ಮಾಡಿದರು, ಕೊನೆಗೆ ಹೊರಗೇ, ಬಟ್ಟೆ ಒಗೆಯುವ ನೀರಿನ ಡ್ರಮ್ಮುಗಳ ಪಕ್ಕ ಗೋಡೆಗೆ ಒರಗಿಸಿದರು. 'ಫೆಲಿಸಿತಾಸ್ ಮನಲಸ್ತಾಸ್, ಮಹಿಳೆಯರ ಒಂಬತ್ತು ಚೆಂಡಿನ ಪೂಲ್, ಎರಡನೆಯ ಸ್ಥಾನ, ಎರಡು ಲಕ್ಷ ಪೆಸೊ.' ಕೆಳಗೆ ಕೆಂಪು ಅಕ್ಷರದಲ್ಲಿ, 'ಬಹುಮಾನಕ್ಕೆ ಖಾತರಿ.'

ಫೋಟೊ ಹಿಂದಿನ ದಿನವೇ ನಮ್ಮೆಲ್ಲರ ಫೋನಿಗೆ ಬಂದಿತ್ತು. ಹಾಗಾಗಿ ಹಳೆಯ ರೈಲು ಹಳಿಯ ಪಕ್ಕದ ನಮ್ಮ ಓಣಿ ಪೂರ್ತಿ ಬಾಲಾತೊಗೆ ಕಾದು ನಿಂತಿತ್ತು. ಗೆದ್ದವರು ಹಂಚಬೇಕು. ಬಾಲಾತೊ ಕೇಳುವುದು ಭಿಕ್ಷೆಯಲ್ಲ, ಕೊಡುವುದು ದಾನವೂ ಅಲ್ಲ. ಗೆಲುವಿನ ಬಿಸಿ ಆರುವ ಮೊದಲು ನಾಲ್ಕು ಕೈಗೆ ಒಂದಿಷ್ಟು ಹೋಗದಿದ್ದರೆ ಅದೃಷ್ಟ ಮುನಿಸಿಕೊಳ್ಳುತ್ತದೆ ಎಂದು ನಮ್ಮ ನಂಬಿಕೆ.

"ಆತ್ಸಿ, ಚೆಕ್ಕು ಇಷ್ಟುದ್ದ ಇದೆ, ಬಾಲಾತೊ ಮಾತ್ರ ಗಿಡ್ಡ ಮಾಡ್ಬೇಡ!" ಎಂದಳು ಮೀನು ಮಾರುವ ಲುದಿಂಗ್. ನಮ್ಮಲ್ಲಿ ಅಕ್ಕನಿಗೆ ಆತ್ಸಿ ಎನ್ನುತ್ತೇವೆ. ಫೆಲಿಂಗ್ ಓಣಿಗೆಲ್ಲ ಆತ್ಸಿ.

ಫೆಲಿಂಗ್ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು. ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು. "ದುಡ್ಡು ಇನ್ನೂ ಕೈಗೆ ಬಂದಿಲ್ಲ ಕಣೋ. ಏಳು ದಿನ ಅಂದಿದಾರೆ."

"ಖಾತರಿ ಅಂತ ಬರೆದಿದೆ ತಾನೆ? ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

ಅವಳು ಒಳಗೆ ಹೋದಳು. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಆ ಸದ್ದು ನನಗೆ ಗೊತ್ತು. ನಾವು ಹನ್ನೆರಡು ಹೆಂಗಸರು ತಿಂಗಳಿಗೆ ಸಾವಿರ ಪೆಸೊ ಹಾಕುವ ಚೀಟಿಯ ಡಬ್ಬಿ ಅದು. ಆರು ವರ್ಷದಿಂದ ಅವಳ ಹತ್ತಿರವೇ ಇದೆ. ಆ ತಿಂಗಳ ಸರದಿ ದಾರಾ ಇಸಿಂಗಳದು, ಎಂದರೆ ಓಣಿಯ ಕೊನೆಯ ಮನೆಯ ಇಸಿಂಗ್ ಚಿಕ್ಕಮ್ಮನದು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ತಿಂಗಳ ಕೊನೆಯ ಗುರುವಾರ ಮೊದಲ ಕಣ್ಣಿನ ಆಪರೇಷನ್ನು. "ನನ್ನ ಮನೇಲಿಟ್ರೆ ಮಗ ಮೂಸಿ ಹುಡುಕ್ತಾನೆ. ಅಲ್ಲೀವರೆಗೂ ನಿನ್ನ ಹತ್ರಾನೇ ಇರ್ಲಿ," ಎಂದು ಅವಳು ಹನ್ನೆರಡು ಸಾವಿರವನ್ನೂ ಫೆಲಿಂಗಳ ಬಳಿಯೇ ಬಿಟ್ಟಿದ್ದಳು.

ಫೆಲಿಂಗ್ ನೋಟಿನ ಕಟ್ಟು ಹಿಡಿದು ಹೊರಗೆ ಬಂದಳು. ನನಗೆ ಗೊತ್ತಿತ್ತು. ಆದರೂ ನನ್ನ ಸರದಿ ಬಂದಾಗ ನಾನೂ ಕೈ ಚಾಚಿದೆ. ಇನ್ನೂರು ಪೆಸೊ. ದಾರಾ ಇಸಿಂಗಳಿಗೆ ಐನೂರು. ಅವಳು ನೋಟನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಫೆಲಿಂಗಳ ಕೆನ್ನೆಗೆ ಮುತ್ತಿಟ್ಟಳು. ಸ್ನೇಹಿತರಿಗೆ ಕುಡಿಸಲೆಂದು ಆಂಬೊ ಎರಡು ಸಾವಿರ ತೆಗೆದುಕೊಂಡ. ಹಂದಿಮಾಂಸ, ಪನ್ಸಿತ್ ಶಾವಿಗೆ, ಐಸು. ಬೇಯಿಸಿದ್ದು, ಬಡಿಸಿದ್ದು, ಪಾತ್ರೆ ತಿಕ್ಕಿದ್ದು ಗೆದ್ದವಳೇ. ಸಂಜೆಗೆ ಡಬ್ಬಿಯಲ್ಲಿ ಮೂರು ಸಾವಿರ ಉಳಿದಿತ್ತು.

ಫೆಲಿಂಗ್ ಪೂಲ್ ಕಲಿತದ್ದು ಆಡಲಿಕ್ಕಲ್ಲ, ಕೂಲಿಗೆ. ಹದಿನೈದನೆಯ ವಯಸ್ಸಿನಲ್ಲಿ ಓಣಿಯ ತುದಿಯ ತಾಡಪಾಲಿನ ಕೆಳಗಿನ ಮೇಜಿನಲ್ಲಿ ಗಂಡಸರಿಗೆ ಚೆಂಡು ಜೋಡಿಸಿ ಕೊಡುತ್ತಿದ್ದಳು. ಆಟಕ್ಕೆ ಅರ್ಧ ಪೆಸೊ. ಪಣದ ದುಡ್ಡನ್ನು ಮೇಜಿನ ಮೇಲೆ ತೂಗುವ ದೀಪದ ತಗಡಿನ ಮೇಲೆ ಇಡುವುದು ಅಲ್ಲಿನ ಪದ್ಧತಿ. ಇಬ್ಬರೂ ಇಡಬೇಕು, ಎಲ್ಲರಿಗೂ ಕಾಣಬೇಕು, ಗೆದ್ದವನು ಕೈ ಎತ್ತಿ ತೆಗೆದುಕೊಳ್ಳಬೇಕು. ಇಡದವನಿಗೆ ಚೆಂಡು ಜೋಡಿಸಿ ಕೊಡಬಾರದು. ಐದು ಪೆಸೊ ಆಟವಾದರೂ ಅಷ್ಟೇ.

ಗಂಡಸರು ಊಟಕ್ಕೆ ಹೋದಾಗ ಅವಳು ಒಬ್ಬಳೇ ಆಡುತ್ತಿದ್ದಳು. ಮದುವೆಯಾದ ಮೇಲೆ ಹತ್ತು ಮನೆಯ ಬಟ್ಟೆ ಒಗೆಯುತ್ತ, ಇಬ್ಬರು ಹೆಣ್ಣುಮಕ್ಕಳನ್ನು ಹೆರುತ್ತ, ಬಟ್ಟೆ ಒಣಗುವಷ್ಟು ಹೊತ್ತು ಆಡುತ್ತಿದ್ದಳು. ಮೋಡ ಕವಿದರೆ ಆಟ ಇನ್ನೂ ಉದ್ದ. ನಲವತ್ತರ ಹೊತ್ತಿಗೆ ಓಣಿಯಲ್ಲಿ ಅವಳ ಎದುರು ಪಣ ಕಟ್ಟುವವರು ಉಳಿಯಲಿಲ್ಲ.

ನಾಲ್ಕು ದಿನದ ಆ ಪಂದ್ಯಕ್ಕೆ ಅವಳು ತಯಾರಾದದ್ದನ್ನು ನಾನು ಕಂಡಿದ್ದೇನೆ. ಕೆಡದ ಹಾಗೆ ವಿನೆಗರ್ ಹೆಚ್ಚು ಸುರಿದ ಒಂದು ದೊಡ್ಡ ಪಾತ್ರೆ ಕೋಳಿಮಾಂಸದ ಅದೋಬೊ. ಗಂಡನ ನಾಲ್ಕು ಅಂಗಿ, ಮಕ್ಕಳ ಸಮವಸ್ತ್ರ, ಎಲ್ಲಕ್ಕೂ ಇಸ್ತ್ರಿ. ಅತ್ತೆಯ ಮಾತ್ರೆಗಳು ದಿನಕ್ಕೊಂದು ಪೊಟ್ಟಣ. "ಪಂದ್ಯಕ್ಕೆ ಹೇಗೆ ಸಿದ್ಧರಾದಿರಿ?" ಎಂದು ಅಲ್ಲಿ ಮೈಕು ಹಿಡಿದ ಹುಡುಗಿ ಕೇಳಿದ್ದಕ್ಕೆ, "ಅದೋಬೊ ಮಾಡಿದೆ" ಎಂದಳು. ಎಲ್ಲರೂ ನಕ್ಕರು. ಅವಳು ತಮಾಷೆ ಮಾಡಿರಲಿಲ್ಲ.

ಏಳು ದಿನ ಕಳೆಯಿತು. ಪಂದ್ಯ ನಡೆಸಿದ ಬಾಸ್ ದೆಲ್ಫಿನ್‌ನಿಂದ ಸಂದೇಶ ಬಂತು: 'ಪ್ರಾಯೋಜಕರ ಸಹಿ ಆಗಬೇಕು. ಶುಕ್ರವಾರ.' ಶುಕ್ರವಾರ ಬಂತು: 'ಬ್ಯಾಂಕಿಗೆ ರಜೆ.' ಮುಂದಿನ ಶುಕ್ರವಾರ: 'ಸ್ವಲ್ಪ ತಾಳ್ಮೆ ಇರಲಿ, ನಾವೆಲ್ಲ ಒಂದೇ ಕುಟುಂಬ.' ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಫೆಲಿಂಗ್ ಇನ್ನೂ ಮೂರು ಮನೆಯ ಬಟ್ಟೆ ಹಿಡಿದು, ಆ ಕೂಲಿಯನ್ನು ಡಬ್ಬಿಗೆ ಹಾಕತೊಡಗಿದಳು. ಕ್ಲೋರಿನ್ನಿಗೆ ಬೆರಳ ಸಂದುಗಳು ಬಿರಿದು ಕ್ಯೂ ಕೋಲು ಜಾರಿಸುವ ಜಾಗದಲ್ಲೇ ರಕ್ತ ಒಸರುತ್ತಿತ್ತು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ರಮ್ಮಿನ ಅಂಚಿಗೆ ಇಟ್ಟುಕೊಂಡಿರುತ್ತಿದ್ದಳು. ಅದು ಸದ್ದು ಮಾಡಿದಾಗಲೆಲ್ಲ ಅವಳ ಬೆನ್ನು ಸೆಟೆಯುವುದು ನನ್ನ ಹೊಲಿಗೆ ಯಂತ್ರದ ಮುಂದೆ ಕೂತರೂ ಕಾಣುತ್ತಿತ್ತು.

ಓಣಿ ಬಾಸ್ ದೆಲ್ಫಿನ್‌ನನ್ನು ಅನುಮಾನಿಸಲಿಲ್ಲ. ಅವನನ್ನು ಯಾರೂ ಕಂಡಿರಲಿಲ್ಲ. ಅನುಮಾನಿಸಿದ್ದು ಕಣ್ಣೆದುರು ಇದ್ದವಳನ್ನು.

"ಎರಡು ಲಕ್ಷ ಬಂದೋಳು ಯಾಕಮ್ಮ ಇನ್ನೂ ಬೇರೆಯೋರ ಚಡ್ಡಿ ಒಗೀತಾಳೆ? ನಾಟಕ," ಎಂದಳು ಲುದಿಂಗ್.

ಆಂಬೊ ಕೂಡ ಒಂದು ದಿನ ಊಟದ ತಟ್ಟೆಯ ಮುಂದೆ ಕೇಳಿಯೇಬಿಟ್ಟ. "ನನ್ನ ಹತ್ರಾನೂ ಬಚ್ಚಿಡ್ತೀಯಾ?" ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ದಾರಾ ಇಸಿಂಗ್ ಮಾತ್ರ ಏನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು, "ಇನ್ನು ಒಂಬತ್ತು ದಿನ, ಮಗಳೇ," "ಇನ್ನು ಎಂಟು ದಿನ," ಎಂದು ಹೇಳಿ ಹೋಗುತ್ತಿದ್ದಳು. ಅದೇ ಫೆಲಿಂಗಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆಪರೇಷನ್ನಿಗೆ ಎರಡು ದಿನ ಇದ್ದಾಗ ಬಾಸ್ ದೆಲ್ಫಿನ್ ತಾನೇ ಫೋನು ಮಾಡಿದ. ಬುಧವಾರ ಹೊಸ ಪಂದ್ಯಕ್ಕೆ ಶುಲ್ಕ ಕಟ್ಟಿ ಹೆಸರು ನೋಂದಣಿ, ಹತ್ತು ಲಕ್ಷದ ಖಾತರಿ ಬಹುಮಾನ, ಬಂದರೆ ದುಡ್ಡು ಕೊಡುತ್ತೇನೆ ಎಂದ. ಜೊತೆಗೆ ನಾನೂ ಹೋದೆ. ಅವಳು ಆ ದಿನದ ಅಡುಗೆ ಮುಗಿಸಿ, ಮೂರು ಬಕೆಟ್ಟು ಬಟ್ಟೆ ನೆನೆಸಿಟ್ಟು ಹೊರಟಳು.

ಸಭಾಂಗಣದಲ್ಲಿ ಹದಿನಾರು ಮೇಜು. ಒಂದೊಂದರ ಮೇಲೂ ಬಿಳಿಯ ದೀಪ. ಬಾಸ್ ದೆಲ್ಫಿನ್ ಬಿಳಿ ಬೂಟು ಹಾಕಿದ್ದ, ಬಾಯಿ ತುಂಬ ನಗುತ್ತಿದ್ದ. "ಬಾ ಫೆಲಿಂಗ್! ನೀನು ನಮ್ಮ ಮನೆಯವಳಿದ್ದ ಹಾಗೆ."

"ಮನೆಯವಳಿಗೆ ಕೂಲಿ ಕೊಡೋ ರೂಢಿ ಇಲ್ಲ, ಬಾಸ್. ಅದಕ್ಕೇ ಹಾಗಂತೀರೇನೋ."

ಅವನು ಇನ್ನೂ ಜೋರಾಗಿ ನಕ್ಕು ಅವಳನ್ನು ನೋಂದಣಿಯ ಮೇಜಿನ ಹಿಂದೆ ಕೂರಿಸಿದ. ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದ. "ಯಾರೋ ಗಾಳಿಸುದ್ದಿ ಹಬ್ಬಿಸಿದಾರೆ. ಜನ ಹಿಂದೆಮುಂದೆ ನೋಡ್ತಿದಾರೆ. ನೀನಿಲ್ಲಿ ಕೂತಿರು. ಯಾರಾದ್ರೂ ಕೇಳಿದ್ರೆ 'ಬಂತು, ಪೂರ್ತಿ ಬಂತು' ಅನ್ನು. ಸಂಜೆ ಒಳಗೆ ಎಂಬತ್ತು ಹೆಸರು ಬೀಳತ್ತೆ. ನಿನಗೆ ಇಪ್ಪತ್ತು ಸಾವಿರ ಇವತ್ತೇ, ಕೈಗೆ."

"ಅಂದ್ರೆ ಈ ಹುಡುಗೀರು ಕಟ್ಟಿದ ದುಡ್ಡು ನಂಗೆ?"

"ದುಡ್ಡಿಗೆ ಹೆಸರು ಬರೆದಿರತ್ತಾ? ಸುತ್ತುತ್ತಾ ಇರತ್ತೆ. ನಿಮ್ಮ ಹೆಂಗಸ್ರ ಚೀಟಿ ಇಲ್ವಾ? ಹಂಗೇ."

ನಮ್ಮ ಚೀಟಿ ಹಾಗಲ್ಲ ಎಂದು ಹೇಳಲು ಫೆಲಿಂಗಳಿಗೆ ಬಾಯಿರಲಿಲ್ಲ. ಮನೆಯಲ್ಲಿ ಡಬ್ಬಿ ಅರ್ಧ ಖಾಲಿಯಾಗಿತ್ತು. ಇಪ್ಪತ್ತು ಸಾವಿರ ಬಂದರೆ ನಾಳೆಯ ಕಣ್ಣು ಉಳಿಯುತ್ತದೆ, ಓಣಿಯ ಬಾಯಿ ಮುಚ್ಚುತ್ತದೆ. ನಾನೂ ಮನಸ್ಸಿನಲ್ಲಿ 'ಹೇಳಿಬಿಡು' ಎಂದುಕೊಂಡೆ. ಸುಳ್ಳು ಹೇಳಲಾರೆ.

ಮೊದಲು ಬಂದವಳು ಹತ್ತೊಂಬತ್ತರ ಹುಡುಗಿ, ಲೇತೆ ದ್ವೀಪದ ಮಾಯೆಟ್. ಹಡಗು, ಬಸ್ಸು ಸೇರಿ ಎರಡು ದಿನದ ದಾರಿ. ಕ್ಯೂ ಕೋಲನ್ನು ಹಳೆಯ ಕೊಡೆಯ ಚೀಲದಲ್ಲಿ ಹಾಕಿಕೊಂಡಿದ್ದಳು. ಫೆಲಿಂಗಳನ್ನು ಕಂಡು ಕಣ್ಣರಳಿಸಿದಳು.

"ಮನಾಂಗ್, ನೀವೇ ಅಲ್ವಾ ಆ ದೊಡ್ಡ ಚೆಕ್ಕಿನೋರು?" ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರೆ. "ನಿಮ್ಮ ದುಡ್ಡು ಬಂತಾ? ಬಂದಿದೆ ಅಂದ್ರೆ ನಾನೂ ಕಟ್ತೀನಿ. ಮೂರು ಸಾವಿರ ತಂದಿದೀನಿ. ಅಮ್ಮನ ಹೊಲಿಗೆ ಮಿಷನ್ನು ಅಡ ಇಟ್ಟಿದೀವಿ."

ಬಾಸ್ ದೆಲ್ಫಿನ್ ನಗುತ್ತಲೇ ಫೆಲಿಂಗಳ ಭುಜದ ಮೇಲೆ ಕೈಯಿಟ್ಟ.

ಫೆಲಿಂಗ್ ಹುಡುಗಿಯ ಮುಖ ನೋಡಲಿಲ್ಲ. ಹತ್ತಿರದ ಮೇಜಿನ ಮೇಲಿನ ದೀಪ ನೋಡಿದಳು. ಆಮೇಲೆ ಎದ್ದು ನಿಂತಳು. ಅವನ ಕೈ ಜಾರಿಬಿತ್ತು.

"ಬಾಸ್, ನಮ್ಮ ಓಣೀಲಿ ಐದು ಪೆಸೊ ಆಟಕ್ಕೂ ದುಡ್ಡು ದೀಪದ ಮೇಲಿಟ್ಟೇ ಆಡೋದು. ನಿಮ್ಮ ಹತ್ತು ಲಕ್ಷ ಎಲ್ಲಿ? ಎಲ್ರಿಗೂ ಕಾಣೋ ಹಾಗೆ ಇಡಿ. ನಾನೇ ಚೆಂಡು ಜೋಡಿಸ್ತೀನಿ."

"ಏನ್ ಮಾತಾಡ್ತಿದೀಯ? ಅಷ್ಟು ದುಡ್ಡು ದೀಪದ ಮೇಲೆ ಇಡಕ್ಕಾಗತ್ತಾ?"

"ಬ್ಯಾಂಕಿನ ಕಾಗದ ಇಡಿ. ಅದು ತೆಳ್ಳಗಿರತ್ತೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫೆಲಿಂಗ್ ಹುಡುಗಿಯ ಕಡೆ ತಿರುಗಿದಳು. "ನಂಗೆ ಬಂದಿಲ್ಲ, ಮಗಳೇ. ಒಂದು ಪೆಸೊನೂ ಬಂದಿಲ್ಲ. ಮಿಷನ್ ಬಿಡಿಸ್ಕೋ ಹೋಗು."

ಸಾಲು ಒಮ್ಮೆಲೇ ಚದುರಲಿಲ್ಲ. ಕೆಲವರು ಆದರೂ ಕಟ್ಟಿದರು. ಹತ್ತು ಲಕ್ಷ ಎಂಬ ಮಾತಿಗೆ ಅಷ್ಟು ಜೋರಿದೆ. ಮಾಯೆಟ್ ಮಾತ್ರ ಕೊಡೆಯ ಚೀಲ ಹೆಗಲಿಗೇರಿಸಿ ಹೊರಟಳು. ಅವಳ ಹಿಂದೆ ಇನ್ನೂ ಏಳೆಂಟು ಮಂದಿ.

ಮನೆಗೆ ಬರುವ ದಾರಿಯಲ್ಲಿ ಫೆಲಿಂಗ್ ಒಂದೇ ಮಾತು ಆಡಿದಳು. "ಸೆಲ್ಯಾ, ಬಾಲಾತೊ ವಾಪಸ್ ಕೇಳಿದೋರು ಯಾರಾದ್ರೂ ಇದಾರಾ?"

ಇಲ್ಲ. ಅಂಥ ಮಾತು ನಾನು ಕೇಳಿಲ್ಲ, ನನ್ನ ಅಜ್ಜಿಯೂ ಕೇಳಿರಲಿಕ್ಕಿಲ್ಲ. ನಾನು ಅಲ್ಲೇ ರವಿಕೆಯೊಳಗಿಂದ ಇನ್ನೂರು ಪೆಸೊ ತೆಗೆದು ಅವಳ ಕೈಗಿಟ್ಟೆ.

ಮೊದಲ ಬಾಗಿಲು ಅವಳ ಮನೆಯದೇ. ಆಂಬೊ ಅಂಗಳದಲ್ಲಿ ಹೊಸ ಹುಂಜದ ಕಾಲು ನೀವುತ್ತ ಕೂತಿದ್ದ. ಬಾಲಾತೊದ ಎರಡು ಸಾವಿರ ಸ್ನೇಹಿತರ ಹೊಟ್ಟೆಗೆ ಪೂರ್ತಿ ಹೋಗಿರಲಿಲ್ಲ.

"ಹುಂಜ ಮಾರು," ಎಂದಳು.

"ಹುಚ್ಚು ಹಿಡೀತಾ? ಭಾನುವಾರ ಅಖಾಡಕ್ಕೆ ಬಿಡ್ಬೇಕು ಇದನ್ನ."

"ದುಡ್ಡು ಬಂದಿಲ್ಲ, ಬರೋದೂ ಇಲ್ಲ. ನಾವು ತಿಂದಿದ್ದು ದಾರಾ ಇಸಿಂಗಳ ಕಣ್ಣು. ನೀನು ಮಾರ್ತೀಯೋ, ನಾನು ವಿನೆಗರ್ ಹಾಕ್ಲೋ?"

ಅವನು ಅವಳ ಮುಖ ನೋಡಿದ. ನಂತರ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಸಾವಿರದ ಐನೂರು ತಂದ.

ಆ ಮಧ್ಯಾಹ್ನ ಫೆಲಿಂಗ್ ಮನೆಮನೆಗೆ ಹೋದಳು. ಒಗೆಯುವ ಬಟ್ಟೆ ತರಲು ಹೋಗುವಾಗ ಹಿಂದಿನ ಬಾಗಿಲು ತಟ್ಟುವವಳು ಅಂದು ಮುಂದಿನ ಬಾಗಿಲು ತಟ್ಟಿದಳು. ಚೀಟಿಯ ದುಡ್ಡು ಮುಟ್ಟಿದ್ದೇನೆ ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಕೆಲವರು ಕೊಟ್ಟರು. ಕೆಲವರು ಕದ ಹಾಕಿಕೊಂಡರು. "ಅದೃಷ್ಟ ವಾಪಸ್ ಇಸ್ಕೊಳ್ಳೋಳನ್ನ ಇವತ್ತೇ ನೋಡಿದ್ದು," ಎಂದ ಲುದಿಂಗ್ ನೂರರ ನೋಟೊಂದನ್ನು ಮೀನಿನ ಬುಟ್ಟಿಯ ಮೇಲೆಸೆದಳು. ಫೆಲಿಂಗ್ ಅದನ್ನು ಎತ್ತಿಕೊಂಡು ಒರೆಸಿ ಡಬ್ಬಿಗೆ ಹಾಕಿದಳು.

ಗುರುವಾರ ಬೆಳಿಗ್ಗೆ ದಾರಾ ಇಸಿಂಗ್ ತಲೆ ಬಾಚಿ ಒಳ್ಳೆಯ ಬಟ್ಟೆ ಉಟ್ಟು ಕಾಯುತ್ತಿದ್ದಳು. "ನೀನೇ ಎಣಿಸು ಮಗಳೇ, ನಂಗೆಲ್ಲಿ ಕಾಣತ್ತೆ."

ಅವಳಿಗೆ ಏನು ಬೇಕಾದರೂ ಹೇಳಬಹುದಿತ್ತು. ಫೆಲಿಂಗ್ ಒಂದೊಂದೇ ನೋಟನ್ನು ಅವಳ ಅಂಗೈಗೆ ಇಟ್ಟು ಗಟ್ಟಿಯಾಗಿ ಎಣಿಸಿದಳು. "ಹನ್ನೊಂದು ಸಾವಿರದ ಇನ್ನೂರು. ಎಂಟುನೂರು ಕಮ್ಮಿ ಇದೆ, ದಾರಾ. ನಿನ್ನ ದುಡ್ಡನ್ನೇ ಬಾಲಾತೊ ಕೊಟ್ಬಿಟ್ಟೆ."

ಮುದುಕಿ ನೋಟುಗಳನ್ನು ಬೆರಳಲ್ಲಿ ತಡವಿದಳು. ಆಸ್ಪತ್ರೆಗೆ ಕರೆದೊಯ್ಯಲು ನಿಂತ ಆಂಬೊನ ಜೀಪ್ನಿಯ ಇಂಜಿನ್ನು ಗುರುಗುಡುತ್ತಿತ್ತು.

"ನಂಗೂ ಅದ್ರಲ್ಲೇ ಕೊಟ್ಯಾ?"

"ಹ್ಞೂಂ. ಐನೂರು."

"ಹಾಗಾದ್ರೆ ಐನೂರು ನಾನೇ ತಿಂದಿದೀನಿ. ಪನ್ಸಿತ್ ಬೇರೆ ಎರಡು ತಟ್ಟೆ." ಅವಳು ನೋಟುಗಳನ್ನು ಮಡಚಿ ಎದೆಯೊಳಗೆ ಸೇರಿಸಿದಳು. "ಉಳಿದ ಮುನ್ನೂರಕ್ಕೆ ಮೊಟ್ಟೆ ಮಾರಿದ್ದು ಇದೆ. ಆದ್ರೆ ಬಿಡಲ್ಲ ನಿನ್ನ. ಕಣ್ಣು ಬರ್ಲಿ, ನಿನ್ನ ಮುಖ ನೋಡ್ಕೊಂಡೇ ಕೇಳ್ತೀನಿ."

ತಿಂಗಳ ಮೊದಲ ಭಾನುವಾರ ಚೀಟಿಯ ದಿನ. ಫೆಲಿಂಗ್ ಡಬ್ಬಿಯನ್ನು ಒಳಗಿಡಲಿಲ್ಲ. ಓಣಿಯ ತುದಿಯ ಪೂಲ್ ಮೇಜಿಗೆ ಹೋಗಿ, ಮುಚ್ಚಳ ತೆಗೆದು, ದೀಪದ ತಗಡಿನ ಮೇಲಿಟ್ಟು, ಪಕ್ಕದ ಬೆಂಚಿನಲ್ಲಿ ಕೂತಳು. ಗಂಟೆ ಒಂಬತ್ತಾಯಿತು, ಹತ್ತಾಯಿತು. ನನ್ನನ್ನು ಬಿಟ್ಟರೆ ದುಡ್ಡು ಹಾಕಲು ಯಾರೂ ಬರಲಿಲ್ಲ. ಅವಳು ಬಿರಿದ ಬೆರಳುಗಳನ್ನೇ ನೋಡುತ್ತ ಕೂತಿದ್ದಳು.

ಹತ್ತೂವರೆಗೆ ದಾರಾ ಇಸಿಂಗ್ ಬಂದಳು, ಗೋಡೆ ಹಿಡಿಯದೆ. ಮೊದಲು ಫೆಲಿಂಗಳ ಮುಖವನ್ನು ಹತ್ತಿರದಿಂದ ನೋಡಿ, "ಎಷ್ಟು ವಯಸ್ಸಾಗಿದೆಯೇ ನಿಂಗೆ!" ಎಂದಳು. ಮುನ್ನೂರು ಇಸಿದುಕೊಂಡಳು. ಆಮೇಲೆ ಡಬ್ಬಿ ಕೆಳಗಿಳಿಸಿ, ಒಳಗಿದ್ದುದನ್ನು ಎಣಿಸಿ, ತನ್ನ ಸಾವಿರ ಸೇರಿಸಿ, ಮತ್ತೆ ಎಣಿಸಿ, ತಿರುಗಿ ದೀಪದ ಮೇಲಿಟ್ಟಳು. ಆರು ವರ್ಷದಲ್ಲಿ ಆ ಡಬ್ಬಿಯ ದುಡ್ಡನ್ನು ಬೇರೆಯವರು ಎಣಿಸಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಫೆಲಿಂಗಳೂ ಸೇರಿ ಒಂಬತ್ತು ಮಂದಿ ಹಾಕಿದ್ದೆವು. ಲುದಿಂಗ್ ಬರಲಿಲ್ಲ. ಬಂದವರೆಲ್ಲ ಡಬ್ಬಿ ಇಳಿಸಿ ಎಣಿಸಿಯೇ ಹಾಕಿದರು. ಪ್ರತಿ ಸಲವೂ ಫೆಲಿಂಗ್ ಉಸಿರು ಹಿಡಿದು ನೋಡುತ್ತಿದ್ದಳು, ಆಟ ಗೆಲ್ಲಿಸುವ ಒಂಬತ್ತನೆಯ ಚೆಂಡು ಗುಂಡಿಯ ಅಂಚಿನಲ್ಲಿ ನಿಂತಾಗ ನೋಡುವಂತೆ.