ನಿಧಾನವಾಗಿ ಓಡಿಸಬೇಕಾದ ಗಾಡಿ

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ಹದಿನೇಳರ ಹುಡುಗಿ. ಅವಳ ಅಮ್ಮ ಚಿಕ್ಕ ವಯಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಅಕ್ಕನೂ ಹಾಗೇ ಹೋದಳು, ಇಪ್ಪತ್ತು ಕೂಡ ನೋಡಲಿಲ್ಲ. ಡಾಕ್ಟರು ಇವಳನ್ನು ಪರೀಕ್ಷಿಸಿ, "ನಿನ್ನ ಹೃದಯ ಗಟ್ಟಿಯಾಗಿದೆಯಮ್ಮ" ಎಂದಿದ್ದರು.

"ಸಾಯೋ ಹಿಂದಿನ ದಿನ ಅಕ್ಕನೂ ಗಟ್ಟಿಯಾಗೇ ಇದ್ಳು" ಎಂದಳು ಅವಳು.

ಗೆಳತಿಯರು ಮುಂದೇನು ಓದುವುದೆಂದು ಮಾತಾಡುವಾಗ ಇವಳಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಓದು ಬಿಟ್ಟಳು. ಗೆಳತಿಯರು ಬರುವುದೂ ನಿಂತಿತು. ಹೆಲ್ಮೆಟ್ಟಿಲ್ಲದೆ, ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಗಾಡಿ ಓಡಿಸುತ್ತಿದ್ದಳು. ಮಧ್ಯಾಹ್ನ ಗ್ಯಾರೇಜಿನ ಹಿಂದೆ ಹಳೆಯ ಟೈರುಗಳ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಗ್ಯಾರೇಜು ಅವಳ ಸೋದರಮಾವನದು. ಅಕ್ಕನ ಸ್ಕೂಟರು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಮಾವ ಅದನ್ನು ಬಿಚ್ಚಿ, ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ ಅವಳ ಮುಂದೆ ನಿಲ್ಲಿಸಿದ. ಅಂಥ ಎಂಜಿನ್ನನ್ನು ಮೊದಮೊದಲು ನಿಧಾನವಾಗಿಯೇ ಓಡಿಸಬೇಕು. ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.

"ತುಂಬಿದ ಬಸುರಿ ನಡೆದ ಹಾಗೆ ಓಡಿಸ್ಬೇಕು. ಕೆಲವು ತಿಂಗಳು. ಆಮೇಲೆ ವರ್ಷಗಟ್ಟಲೆ ನಿಶ್ಚಿಂತೆ."

"ವರ್ಷಗಟ್ಟಲೆ ಯಾರಿರ್ತಾರೆ ಮಾವ?" ಎಂದು ಅವಳು ನಕ್ಕಳು. ಮಾವ ನಗಲಿಲ್ಲ.

ಅದೇ ಸಂಜೆ ಅವಳು ಹೆದ್ದಾರಿಗೆ ಹೋಗಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಳು. ಸ್ವಲ್ಪ ದೂರ ಗಾಡಿ ಹಾರಿತು. ಆಮೇಲೆ ಬಿಸಿಯೇರಿದ ಪಿಸ್ಟನ್ ಒಳಗೇ ಕಚ್ಚಿಕೊಂಡಿತು, ಹಿಂದಿನ ಚಕ್ರ ಸುತ್ತುವುದನ್ನೇ ನಿಲ್ಲಿಸಿತು. ಅವಳು ರಸ್ತೆಯ ಮೇಲೆ ಜಾರುತ್ತಾ ಹೋದಳು. ಹಿಂದಿದ್ದ ಲಾರಿ ಕಿರುಗುಟ್ಟಿ ಅವಳ ಕಾಲ ಬಳಿ ನಿಂತಿತು.

"ನಿಂಗೆ ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ತಾಯಿ?" ಎಂದು ಚಾಲಕ ಕೂಗಿದ.

ಲಾರಿ ಹೋದ ಮೇಲೆ ಅವಳು ರಸ್ತೆಯಂಚಿನಲ್ಲಿ ಕೂತಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇದೇ ಆ ಗಳಿಗೆ ಎಂದುಕೊಂಡು ಎದೆಯ ಮೇಲೆ ಕೈಯಿಟ್ಟು ಕಾದಳು. ಯಾರನ್ನಾದರೂ ಕೂಗಬೇಕೆನಿಸಿತು, ಯಾರೂ ಇರಲಿಲ್ಲ. ಎದೆ ಮಾತ್ರ ನಿಲ್ಲಲಿಲ್ಲ. ಮೆಲ್ಲಗೆ ತನ್ನ ಲಯಕ್ಕೆ ಮರಳಿತು.

ತರಚಿದ ಮೊಣಕೈಯಲ್ಲೇ ಸ್ಕೂಟರು ತಳ್ಳಿಕೊಂಡು ಬಂದಳು. ಮಾವ ಬೈಯಲಿಲ್ಲ. ಗಾಯ ತೊಳೆದ, ಎಂಜಿನ್ ಬಿಚ್ಚಿದ, ಗೀರುಬಿದ್ದ ಪಿಸ್ಟನ್ನನ್ನು ಅವಳ ಅಂಗೈಯಲ್ಲಿಟ್ಟ.

"ನಿಮ್ಮಮ್ಮನ್ನ ಹೊತ್ತೆ. ನಿಮ್ಮಕ್ಕನ್ನ ಹೊತ್ತೆ. ಇನ್ನೊಂದು ಸಲ ಈ ಹೆಗಲಿಗೆ ಆಗಲ್ಲ ಮಗಳೇ."

ಅವಳು ಪಿಸ್ಟನ್ನಿನ ಗೀರುಗಳ ಮೇಲೆ ಬೆರಳಾಡಿಸಿದಳು. ಇಷ್ಟು ದಿನ ತನ್ನ ಸಾವಿನಲ್ಲಿ ಅವಳು ತನ್ನೊಬ್ಬಳನ್ನೇ ಕಂಡಿದ್ದಳು.

"ಮತ್ತೆ ಬೋರ್ ಮಾಡಿಸ್ಬೋದಾ?"

"ಮಾಡಿಸ್ಬೋದು. ಆದ್ರೆ ಮತ್ತೆ ಮೊದಲಿಂದ ನಿಧಾನ."

ನಿಧಾನವೇ ಅವಳಿಗೆ ಕಷ್ಟವಾಯಿತು. ಸೈಕಲ್ಲಿನ ಹುಡುಗರು ದಾಟಿ ಹೋಗುತ್ತಾ, "ಅಕ್ಕಾ, ಇಳಿದು ತಳ್ಳು, ಬೇಗ ಸೇರ್ತೀಯ!" ಎಂದು ಕಿಚಾಯಿಸುತ್ತಿದ್ದರು. ಕಾಲೇಜಿನ ಗೇಟಿನ ಮುಂದೆ ಹಳೆಯ ಗೆಳತಿಯರು ಗುಂಪಾಗಿ ನಿಂತಿದ್ದರು. ಆ ವೇಗದಲ್ಲಿ ಒಬ್ಬೊಬ್ಬರ ಮುಖವೂ ಕಾಣುತ್ತಿತ್ತು. ಹೆಲ್ಮೆಟ್ಟಿನೊಳಗಿನ ಇವಳನ್ನು ಯಾರೂ ಗುರುತಿಸಲಿಲ್ಲ.

ಒಂದು ಸಂಜೆ ಅವಳು ಸ್ಕೂಟರು ನಿಲ್ಲಿಸಿ ಸೀಟು ಒರೆಸುತ್ತಾ ಕೇಳಿದಳು: "ಮಾವ, ಬರೋ ಮಳೆಗಾಲಕ್ಕೆ ಇದಕ್ಕೊಂದು ಹೊದಿಕೆ ಬೇಕಲ್ವಾ?"

ಬೈಕೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಮಾವನ ಸ್ಪ್ಯಾನರು ನಿಂತಿತು.

"ಬೇಕು" ಎಂದ. "ಗಟ್ಟಿ ಇರೋದೇ ತರೋಣ."