‘ಕುಸ್ತಿ’ಯ ಒತ್ತು

ಟೊಪ್ಪಿಗೆಯ ಮೇಲಿನ ಕಾಗದ ಕಿತ್ತು ಬರುತ್ತದೆ. ಅದರ ಬೆನ್ನಿಗೆ ‘ತ’ ಒತ್ತೂ ಎದ್ದು ಬರುತ್ತದೆ. ಅರುಣಾ ಟೊಪ್ಪಿಗೆಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ‘ಕುಬಿಹಾಳ ಕುಸ್ತಿ ಸಂಘ’ ಎಂದಿರಬೇಕಾದಲ್ಲಿ ‘ಕುಬಿಹಾಳ ಕುಸಿ ಸಂಘ’ ಎಂದಿದೆ.

ಅತ್ತೆ ಮೈಲಾರವ್ವ ಓದಿ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. “ಅಖಾಡಕ್ಕ ಇಳಿಯೂಕಿಂತ ಮೊದಲs ಪೈಲ್ವಾನರನ್ನ ಕೆಡವಿದೆಲ್ಲ, ನಮ್ಮವ್ವಾ.”

ಅಣ್ಣಿಗೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತಗಡಿನ ಕೋಣೆಯೊಳಗೆ ಆಗಲೇ ಧಗೆ. ಫ್ಯಾನು ಇದೆ, ಹಾಕುವಂತಿಲ್ಲ. ಅಂಟಿನ ಪುಡಿ ಹಾರುತ್ತದೆ. ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ, ಕೆಳಗಿನ ನುಣುಪು ಕಾಗದದಲ್ಲಿ ಅಕ್ಷರಗಳು ಕನ್ನಡಿಯೊಳಗಿನಂತೆ ತಿರುಗಿ ಮೂಡುತ್ತವೆ. ಹಸಿ ಬಣ್ಣದ ಮೇಲೆ ಪುಡಿ ಉದುರಿಸಿ ಕಾಯಿಸಬೇಕು. ಆಮೇಲೆ ಯಂತ್ರದ ಬಾಗಿದ ಅಚ್ಚಿಗೆ ಟೊಪ್ಪಿಗೆ ತೊಡಿಸಿ, ಕಾಗದ ಬೋರಲು ಇಟ್ಟು, ಬಿಸಿ ಹಲಗೆ ಒತ್ತಬೇಕು. ಕಷ್ಟ ಅದಲ್ಲ. ಒತ್ತಿದ ಮೇಲೆ ಕಾಯುವುದು ಕಷ್ಟ. ತಣ್ಣಗಾಗುವ ಮುನ್ನ ಕಾಗದ ಕಿತ್ತರೆ ದೊಡ್ಡ ಅಕ್ಷರ ಬಟ್ಟೆ ಹಿಡಿದು ನಿಲ್ಲುತ್ತದೆ, ಸಣ್ಣ ಒತ್ತು ಕಾಗದದ ಪಾಲಾಗುತ್ತದೆ.

ಅರುಣಾರಿಗೆ ಬಾರದಿರುವುದು ಅದೊಂದೇ. ಟೊಪ್ಪಿಗೆ ಆರುವಷ್ಟರಲ್ಲಿ ಅಂಗಳಕ್ಕೆ ಹೋಗಿ ಬರುತ್ತಾರೆ, ಜಾಲರಿ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. “ನನ್ನ ಕೈ ಸುಮ್ನ ಇರಂಗಿಲ್ರಿ,” ಎನ್ನುತ್ತಾರೆ. “ಒಮ್ಮೊಮ್ಮೆ ಅದರ ಮ್ಯಾಲ ನಾನs ಕುಂದರ್ತೀನಿ.”

ಮದುವೆಗೆ ಮುಂಚೆ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಕಲಿತ ಕೆಲಸವಿದು. ಲಾರಿ ಓಡಿಸುವ ಗಂಡ ಯಾರೋ ಮಾರಿದ ಹಳೆಯ ಯಂತ್ರವನ್ನು ತಂದು ಇಲ್ಲಿ ಇಳಿಸಿದರು. ಕರೆಂಟು ಹೋದರೆ ಹಲಗೆ ಆರುತ್ತದೆ, ಬಂದರೆ ಮೊದಲಿನಿಂದ ಶುರು. ಬೆಳಗಿನ ಕರೆಂಟನ್ನು ನಂಬಿ ಏಳುತ್ತಾರೆ. ದಿನಕ್ಕೆ ಅರವತ್ತು, ಎಪ್ಪತ್ತು ಟೊಪ್ಪಿಗೆ. ಶಲವಡಿಯ ಕಬಡ್ಡಿ ಹುಡುಗರು, ನವಲಗುಂದದ ಟ್ರ್ಯಾಕ್ಟರ್ ಮೆಕ್ಯಾನಿಕರು ತಲೆಯ ಮೇಲೆ ಹೊತ್ತು ತಿರುಗುವುದು ಇವರ ಕೆಲಸವನ್ನೇ. ಎಲ್ಲಿ ಮಾಡಿಸಿದಿರಿ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಹುಬ್ಬಳ್ಳಿ.

ಕುಬಿಹಾಳದ ತಿರಕಪ್ಪ ಹಾಗನ್ನಲಿಲ್ಲ. ಸಂಘದ ಹಿರಿಯರು ಅವರು. ಟೊಪ್ಪಿಗೆ ಮಾಡಿದಾಕೆ ಅಣ್ಣಿಗೇರಿಯ ಅರುಣಾ ಎಂದು ಅಖಾಡದ ಮೈಕಿನಲ್ಲಿ ತಾವೇ ಹೇಳುವುದಾಗಿ ಮಾತು ಕೊಟ್ಟಿದ್ದಾರೆ. ಕುಂದಗೋಳದ ಕಡೆಯವರೆಲ್ಲ ಅಲ್ಲಿ ಸೇರುತ್ತಾರೆ. ಆ ಮಾತು ಬಿದ್ದಾಗಿನಿಂದ ಅರುಣಾರ ಕೈ ಇನ್ನಷ್ಟು ಅವಸರಕ್ಕೆ ಬಿದ್ದಿದೆ. ಒತ್ತು ಹಾರಿದ್ದು ಇದೊಂದೇ ಅಲ್ಲ, ಪಕ್ಕದಲ್ಲಿ ಅಂಥವುಗಳ ರಾಶಿಯೇ ಇದೆ.

ಬಾಗಿಲಲ್ಲಿ ಬೈಕು ನಿಲ್ಲುತ್ತದೆ. ತಿರಕಪ್ಪ ಒಳಗೆ ಬಂದು ಒತ್ತು ಹಾರಿದ ಟೊಪ್ಪಿಗೆಗಳ ರಾಶಿ ನೋಡುತ್ತಾರೆ, ಒಂದನ್ನು ಎತ್ತಿ ಓದುತ್ತಾರೆ. ಅಕ್ಷರ ಒತ್ತದ ಬೇರೆ ಟೊಪ್ಪಿಗೆಗಳಿವೆ, ಹೊಸದಾಗಿ ಒತ್ತಿ ಮಧ್ಯಾಹ್ನಕ್ಕೆ ಕೊಡುತ್ತೇನೆ ಎನ್ನುತ್ತಾರೆ ಅರುಣಾ. ಆದರೆ ಅಖಾಡಕ್ಕೆ ಪೈಲ್ವಾನರ ಮೆರವಣಿಗೆ ಹೊರಡುವುದು ಇವತ್ತು ಬೆಳಿಗ್ಗೆ ಹತ್ತಕ್ಕೆ.

“ಹಂಗs ಕೊಡು, ತಂಗಿ,” ತಿರಕಪ್ಪ ದನಿ ತಗ್ಗಿಸುತ್ತಾರೆ. “ಪೆನ್ನಿಲೆ ತಿದ್ದತೀವಿ. ನಿನ್ನ ಹೆಸರು ಎತ್ತಂಗಿಲ್ಲ. ಯಾರರ ನಕ್ಕರ, ಹುಬ್ಬಳ್ಳ್ಯಾಗ ಮಾಡ್ಸೀವಿ ಅಂತೀನಿ.”

ಮೈಲಾರವ್ವ ಸೊಸೆಯತ್ತ ನೋಡುತ್ತಾರೆ. ಕೊಟ್ಟು ಕಳಿಸು ಎನ್ನುವ ನೋಟ ಅದು.

ಅರುಣಾ ತಿರಕಪ್ಪನವರ ಕೈಯಿಂದ ಟೊಪ್ಪಿಗೆ ತೆಗೆದುಕೊಳ್ಳುತ್ತಾರೆ.

“ಒಲ್ಲೆರಿ, ಕಾಕಾ. ಒತ್ತು ಹಾರಿದ್ದು ನಾ ಕೊಡಂಗಿಲ್ಲ.”