ಟ್ರ್ಯಾಕ್ಟರಿಗೆ ಮ್ಯಾಚಿಂಗ್ ರೋಟವೇಟರ್

೨೦೨೫ರ ಫೆಬ್ರುವರಿ ೧೮, ಮಂಗಳವಾರದಂದು ದೆಹಲಿ ಅಂಚಿನ ನಜಫಗಢದ ಕೃಷಿಯಂತ್ರಗಳ ಅಂಗಡಿಯೊಂದು, ಉಮಾವತಿಯವರು ಆರಿಸಿದ್ದ ಐದಡಿ ಅಗಲದ ಕೆಂಪು ರೋಟವೇಟರಿನ ಬದಲು ಏಳಡಿಯ ನೀಲಿ ರೋಟವೇಟರನ್ನು ಕಳುಹಿಸಿತು. ಮಣ್ಣನ್ನು ಪುಡಿಮಾಡುವ ಈ ಯಂತ್ರವನ್ನು ಎಳೆಯಬೇಕಾದ ಅವರ ಟ್ರ್ಯಾಕ್ಟರ್ ನೀಲಿಯೇ ಹೌದು. ಆದರೆ ಅದರ ಶಕ್ತಿ ಮೂವತ್ತೈದು ಎಚ್.ಪಿ. ಮಾತ್ರ; ಏಳಡಿಯದಕ್ಕೆ ಐವತ್ತಾದರೂ ಬೇಕು.

ಉಡುಪಿ ಕಡೆಯವರಾದ ಉಮಾವತಿಯವರು ಪತಿ ಸಂಕಪ್ಪನವರೊಂದಿಗೆ ಇಪ್ಪತ್ತೆರಡು ವರ್ಷಗಳಿಂದ ದೆಹಲಿಯ ಮುನಿರ್ಕಾದಲ್ಲಿ ಹೋಟೆಲು ನಡೆಸುತ್ತಿದ್ದಾರೆ. ದೆಹಲಿಯ ಸೌತೆಯಲ್ಲಿ ಹುಳಿ ಮಾಡಲು ಮನಸ್ಸೊಪ್ಪದೆ, ನಜಫಗಢದ ಬಳಿ ಎರಡು ಎಕರೆ ಗೇಣಿಗೆ ಹಿಡಿದು ಮಂಗಳೂರು ಸೌತೆ ಬೆಳೆಯುತ್ತಾರೆ. ಕೃಷಿಯಂತ್ರಗಳ ಪರೀಕ್ಷೆಯಲ್ಲೇ ಸೇವೆ ಮುಗಿಸಿ ನಿವೃತ್ತನಾದ ನಾನು ಅವರ ನಿತ್ಯದ ಗಿರಾಕಿ.

ಊರಿನಿಂದ ಬಂದಿದ್ದ ಬೀಜವನ್ನು ಅವರು ಸೋಮವಾರವೇ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಗುರುವಾರ ಬಿತ್ತದಿದ್ದರೆ ಮೊಳಕೆ ಹಾಳು. ಬೇರೆ ಬೀಜವಿರಲಿಲ್ಲ.

ನೀಲಿ ಯಂತ್ರವನ್ನು ಜೋಡಿಸಿ ಎತ್ತಿದೊಡನೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟವು.

"ನೋಡ್ಲಿಕ್ಕೆ ಮಾತ್ರ ಭಾರೀ ಚಂದ ಉಂಟು ಮಾರಾಯ್ತಿ," ಎಂದರು ಸಂಕಪ್ಪ.

"ಹಾಗಾದ್ರೆ ಫೋಟೋ ತೆಗೆದು ಗಲ್ಲಾದ ಮೇಲೆ ತೂಗುಹಾಕಿ!" ಎಂದವರೇ ಉಮಾವತಿ ಅಂಗಡಿಗೆ ಹೊರಟರು. ಅಳತೆಪಟ್ಟಿ ಹಿಡಿದು ನಾನೂ ಹೊರಟೆ.

ಮಾಲೀಕ ನಗುನಗುತ್ತಲೇ ಹಿಂದಿಯಲ್ಲಿ ಹೇಳಿದ: "ಆಂಟೀಜಿ, ಕೆಂಪು ಪೀಸಿನ ಪೇಂಟಿನ ಮೇಲೆ ಹಳದಿ ಕಲೆ ಇತ್ತು. ಅದಕ್ಕೇ ಟ್ರ್ಯಾಕ್ಟರಿಗೆ ಮ್ಯಾಚಿಂಗ್ ಕೊಟ್ಟೆ."

"ಕಲೆಯಲ್ಲ ಭಯ್ಯಾ, ಅರಿಶಿನ! ಆರಿಸಿದ ಯಂತ್ರಕ್ಕೆ ಪೂಜೆಯೆಂದು ನಾನೇ ಹಚ್ಚಿ ಹೋದದ್ದು. ಮ್ಯಾಚಿಂಗ್ ನೋಡುವುದು ರವಿಕೆಗೆ. ಮಣ್ಣಿನೊಳಗೆ ಹೋಗುವ ಬ್ಲೇಡಿಗೆ ಯಾವ ಬಣ್ಣ?"

ಬಣ್ಣಕ್ಕೆ ಬೆಲೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಒಂದೇ ಬಣ್ಣದ ಜೋಡಿಗೆ ಮರುಮಾರಾಟದಲ್ಲಿ ಗಿರಾಕಿ ಬೇಗ ಸಿಗುವುದುಂಟು. ಆದರೆ ಮೊದಲು ನೋಡಬೇಕಾದದ್ದು ಎಚ್.ಪಿ., ಅಗಲ ಮತ್ತು ತೂಕ. ಬಣ್ಣದ ಸರದಿ ಕಟ್ಟಕಡೆಯದು.

ಅಳತೆಪಟ್ಟಿ ಹಿಡಿದು ಅಗಲ ತೋರಿಸಿದ ಮೇಲೆ ಮಾಲೀಕ ಬದಲಾಯಿಸಿಕೊಡಲು ಒಪ್ಪಿದ. ಬುಧವಾರ ಮಧ್ಯಾಹ್ನ ಕೆಂಪು ಯಂತ್ರ ಬಂತು, ಅರಿಶಿನ ಸಮೇತ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿತ್ತನೆ ಮುಗಿಯಿತು. ಉಮಾವತಿಯವರು ಮಾಲೀಕನನ್ನೂ ಊಟಕ್ಕೆ ಕರೆದು, ನಡೆದದ್ದನ್ನು ಮರೆತರು. ನಾನು ಮರೆತಿಲ್ಲ, ಏಕೆಂದರೆ ಅಂಗಡಿಯವರು ಕೊಟ್ಟ ವಾಪಸಾತಿಯ ಚೀಟಿಯಲ್ಲಿ "ಗ್ರಾಹಕರಿಗೆ ಬಣ್ಣ ಹಿಡಿಸಲಿಲ್ಲ" ಎಂಬ ಶುದ್ಧ ಸುಳ್ಳು ಬರೆದಿದೆ. ಈ ಬರಹದ ಹಿಂದಿ ಪ್ರತಿಯನ್ನು ಅಂಗಡಿಗೆ ಮುಟ್ಟಿಸಿದ್ದೇನೆ.

ಮಾಲೀಕರೇ, ಆ ವಾಕ್ಯವನ್ನು ಹೊಡೆದುಹಾಕಿ, "ನಮ್ಮ ತಪ್ಪಿನಿಂದ ಬದಲಾಯಿಸಲಾಗಿದೆ" ಎಂದು ಬರೆದು, ಸಹಿ ಮಾಡಿ ಉಮಾವತಿಯವರಿಗೆ ಕೊಡಿ. ನಿಮ್ಮಲ್ಲಿರುವ ಪ್ರತಿಯೊಂದು ಯಂತ್ರದ ಮೇಲೂ ಅದಕ್ಕೆ ಬೇಕಾದ ಎಚ್.ಪಿ.ಯನ್ನು ದಪ್ಪಕ್ಷರಗಳಲ್ಲಿ ಬರೆಸಿ. ಅಕ್ಷರಗಳ ಬಣ್ಣ ನಿಮ್ಮ ಇಷ್ಟ.